ಬೆಕ್ಕಿನ ಶುಗರ್ ನೋಡಲು ಅಕ್ಯು-ಚೆಕ್ ಇನ್‌ಸ್ಟಂಟ್: ಒಂದು ವರ್ಷ ಬಳಸಿದ ಮೇಲೆ

ಈ ಮೀಟರ್ ತಂದಿದ್ದು ಅವ್ವನಿಗೆ. ಈಗ ಅದಕ್ಕೆ ಜಾಸ್ತಿ ರಕ್ತ ಕೊಡುವವನು ನಮ್ಮ ಗುಂಡ, ಹನ್ನೊಂದು ವರ್ಷದ ಬೆಕ್ಕು. ಬೆಕ್ಕಿಗೂ ಶುಗರ್ ಬರುತ್ತಾ ಅಂತ ಕಲಬುರಗಿಯಲ್ಲಿ ಇವತ್ತಿಗೂ ಕೇಳುತ್ತಾರೆ. ಬರುತ್ತೆ. ವಯಸ್ಸಾದ, ಮೈ ಬಂದ, ಮರಿಯಾಗದ ಹಾಗೆ ಆಪರೇಷನ್ ಆದ ಗಂಡು ಬೆಕ್ಕುಗಳಿಗೆ ಇನ್ನೂ ಜಾಸ್ತಿ, ಗುಂಡನಿಗೆ ಈ ಮೂರೂ ಇದ್ದವು. ಹೋದ ವರ್ಷ ಬೇಸಿಗೆಯಲ್ಲಿ ನೀರಿನ ಬಟ್ಟಲು ಮತ್ತೆ ಮತ್ತೆ ಖಾಲಿ ಮಾಡುತ್ತಿದ್ದ, ನಮ್ಮೂರಿನ ಬಿಸಿಲಿಗೆ ಬಾಯಾರಿಕೆ ಅಂದುಕೊಂಡು ಸುಮ್ನೆ ಬಿಟ್ಟೆವು. ಆಮೇಲೆ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯೋಕೆ ಶುರು ಮಾಡಿದ. ಶುಗರ್ ಏರಿ ನರಕ್ಕೆ ಪೆಟ್ಟಾದರೆ ಬೆಕ್ಕು ಹಾಗೆ ನಡೆಯುತ್ತೆ ಅಂತ ಆಗ ಗೊತ್ತಿರಲಿಲ್ಲ.

ಶುಗರ್ ಅಂತ ಗೊತ್ತಾದ ಮೇಲೂ ಮೊದಲ ಎರಡು ತಿಂಗಳು ಮನೆಯಲ್ಲಿ ಚೆಕ್ ಮಾಡಲೇ ಇಲ್ಲ. ತೋರಿಸುತ್ತಿದ್ದ ದವಾಖಾನೆಗೆ ವಾರಕ್ಕೊಮ್ಮೆ ಆಟೋದಲ್ಲಿ ಹೋಗುವುದು, ಅಲ್ಲಿ ನಾಯಿಗಳ ಬೊಗಳಾಟದ ನಡುವೆ ರಕ್ತ ತೆಗೆಯುವುದು, 380 ಅಂತ ಬರುವುದು, ಇನ್ಸುಲಿನ್ ಏರಿಸುವುದು. ಒಂದು ಯೂನಿಟ್ ಎರಡಾಯಿತು, ಎರಡು ಮೂರಾಯಿತು, ಶುಗರ್ ಮಾತ್ರ ಇಳಿಯಲಿಲ್ಲ. ಹೆದರಿದ ಬೆಕ್ಕಿನ ಶುಗರ್ ಹೆದರಿಕೆಯಿಂದಲೇ ಏರುತ್ತೆ, ರೋಗವಿಲ್ಲದ ಬೆಕ್ಕಿಗೂ ಕೆಲವೊಮ್ಮೆ 300 ದಾಟುತ್ತೆ. ಇದನ್ನು ಆ ದಿನಗಳಲ್ಲಿ ಯಾರೂ ನಮಗೆ ಹೇಳಲಿಲ್ಲ.

ಒಂದು ಭಾನುವಾರ ಅವ್ವನ ಮೀಟರ್ ತೆಗೆದುಕೊಂಡು ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಎರಡೆರಡು ಗಂಟೆಗೊಮ್ಮೆ ನೋಡಿದೆ. ನಡುವೆ ಒಮ್ಮೆ ಮತ್ತೆ ನೋಡಿದ್ದೂ ಸೇರಿ ಎಂಟು ಸ್ಟ್ರಿಪ್ ಹೋದವು. ಬೆಳಗ್ಗೆ 410. ಮಧ್ಯಾಹ್ನ ಒಂದಕ್ಕೆ 58. ಸಂಜೆ ಮತ್ತೆ 360. ಆ 58 ನೋಡಿ ನನ್ನ ಕೈ ನಡುಗಿತು. ಬೆರಳಿಗೆ ಜೇನು ಹಚ್ಚಿ ಗುಂಡನ ವಸಡಿಗೆ ತಿಕ್ಕಿದೆ, ಊಟ ಕೊಟ್ಟೆ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ 96 ಬಂತು, ಆಮೇಲೆಯೇ ಉಸಿರು ಬಿಟ್ಟೆ. ಬೆಳಗಿನ ನಂಬರ್ ನೋಡಿ ಡೋಸ್ ಏರಿಸಿದ್ದೇ ಏರಿಸಿದ್ದು, ಮಧ್ಯಾಹ್ನ ಅವನು ಎಲ್ಲಿಗೆ ಇಳಿಯುತ್ತಿದ್ದಾನೆ ಅಂತ ಯಾರೂ ನೋಡಿರಲಿಲ್ಲ. ಇನ್ನೊಂದು ಯೂನಿಟ್ ಏರಿಸಿದ್ದರೆ ಗುಂಡ ಇವತ್ತು ಇರುತ್ತಿರಲಿಲ್ಲವೇನೋ. ನನಗೆ ಈ ಮೀಟರ್‌ನ ಬೆಲೆ ಅಲ್ಲೇ ಬಂದುಬಿಟ್ಟಿತು.

ಈಗ ಮೀಟರ್ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಬೇಕಾಗುವ ರಕ್ತ ತುಂಬಾ ಕಡಿಮೆ, 0.6 ಮೈಕ್ರೋಲೀಟರ್, ಅಂದರೆ ಸಾಸಿವೆಗಿಂತ ಸಣ್ಣ ಹನಿ. ಬೆಕ್ಕಿನ ಕಿವಿಯಿಂದ ಅಷ್ಟು ಬಂದರೆ ಅದೇ ದೊಡ್ಡದು. ನಾಲ್ಕು ಸೆಕೆಂಡಿನೊಳಗೆ ನಂಬರ್ ಬರುತ್ತೆ, ಕೂತ ಬೆಕ್ಕು ಎದ್ದು ಹೋಗುವ ಮೊದಲೇ ಕೆಲಸ ಮುಗಿಯುತ್ತೆ.

ಚುಚ್ಚುವ ಬಗೆ ಹೇಳಿಬಿಡುತ್ತೇನೆ, ಯಾಕಂದರೆ ಶುರುವಿನಲ್ಲಿ ನಾಲ್ಕು ಸಲ ಚುಚ್ಚಿದರೆ ಒಂದು ಸಲ ರಕ್ತ ಬರುತ್ತಿತ್ತು. ಒಂದು ಕಾಲುಚೀಲಕ್ಕೆ ಹಿಡಿ ಅಕ್ಕಿ ಹಾಕಿ ಕಟ್ಟಿ, ತವೆ ಮೇಲೆ ಸ್ವಲ್ಪ ಬೆಚ್ಚಗೆ ಮಾಡಿ, ಮೊದಲು ನನ್ನ ಕೆನ್ನೆಗೆ ಇಟ್ಟು ನೋಡಿ, ಆಮೇಲೆ ಅವನ ಕಿವಿಗೆ ಒಂದು ನಿಮಿಷ ಹಿಡಿಯುತ್ತೇನೆ. ಕಿವಿಯ ಅಂಚಿಗೆ ವ್ಯಾಸಲಿನ್ ತೆಳ್ಳಗೆ ಸವರಿದರೆ ರಕ್ತ ಕೂದಲಿಗೆ ಹರಡದೆ ಮಣಿಯ ಹಾಗೆ ನಿಲ್ಲುತ್ತೆ. ಕಿವಿಯ ಹಿಂದೆ ಹತ್ತಿ ಇಟ್ಟು, ಅಂಚಿನ ಪಕ್ಕ ಹೋಗುವ ರಕ್ತನಾಳಕ್ಕೂ ಕಿವಿಯ ಅಂಚಿಗೂ ನಡುವೆ ಚುಚ್ಚಬೇಕು, ರಕ್ತನಾಳಕ್ಕೇ ಅಲ್ಲ. ಬೆರಳು ಚುಚ್ಚುವ ಪೆನ್ ಬೇಡ, ಅದು ಟಕ್ ಅಂದ ಸದ್ದಿಗೇ ಅವನು ಓಡುತ್ತಾನೆ, ಬರೀ ಸೂಜಿ ಸಾಕು. ಆದ ಮೇಲೆ ಹತ್ತಿ ಒತ್ತಿ ಹಿಡಿದು, ಬೇಯಿಸಿದ ಕೋಳಿಯ ಒಂದು ಚೂರು ಕೊಡುತ್ತೇನೆ. ಈಗ ಕಾಲುಚೀಲ ನೋಡಿದರೆ ತಾನೇ ಬಂದು ಕೂರುತ್ತಾನೆ.

ಒಂದು ಮಾತು ತಿಳಿದಿರಲಿ, ಇದು ಮನುಷ್ಯರ ಮೀಟರ್. ನಮ್ಮ ರಕ್ತದಲ್ಲಿ ಕೆಂಪು ಕಣಗಳ ಒಳಗೂ ಸಾಕಷ್ಟು ಸಕ್ಕರೆ ಇರುತ್ತೆ, ಬೆಕ್ಕಿಗೆ ಹೆಚ್ಚಿನದೆಲ್ಲ ರಕ್ತದ ನೀರಿನ ಭಾಗದಲ್ಲೇ ಇರುತ್ತೆ, ಹಾಗಾಗಿ ಮನುಷ್ಯರ ಮೀಟರ್ ಬೆಕ್ಕಿಗೆ ಸ್ವಲ್ಪ ಕಡಿಮೆ ತೋರಿಸುತ್ತೆ. ಲ್ಯಾಬಿನಲ್ಲಿ 190 ಬಂದ ದಿನ ಇದರಲ್ಲಿ 150ರ ಹತ್ತಿರ ಬಂತು. ಆಲ್ಫಾಟ್ರ್ಯಾಕ್ ಅಂತ ಪ್ರಾಣಿಗಳಿಗೇ ಮಾಡಿದ ಮೀಟರ್ ಇದೆ, ನನಗೆ ಇಲ್ಲಿಯ ಅಂಗಡಿಗಳಲ್ಲಿ ಸಿಗಲಿಲ್ಲ. ಆದರೆ ದಿನಾ ಒಂದೇ ಮೀಟರ್ ಬಳಸಿದರೆ ಏರಿಳಿತ ಚೆನ್ನಾಗಿ ಗೊತ್ತಾಗುತ್ತೆ, ನಮಗೆ ಬೇಕಿದ್ದೂ ಅದೇ ಅಲ್ವಾ.

ಆ ಭಾನುವಾರದ ನಂಬರ್ ಬರೆದ ನೋಟ್‌ಬುಕ್ ಹಿಡಿದು, ಗುಂಡನನ್ನು ಬುಟ್ಟಿಯಲ್ಲಿ ಕೂರಿಸಿ, ರೈಲಿನಲ್ಲಿ ಬೀದರ್‌ನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆ. ಡಾಕ್ಟ್ರು ಬೆಕ್ಕಿಗಿಂತ ಮೊದಲು ನೋಟ್‌ಬುಕ್ ನೋಡಿದರು. ಡೋಸ್ ಒಂದು ಯೂನಿಟ್‌ಗೆ ಇಳಿಸಿದರು, ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆ ಅಂತರ. ಆಮೇಲೆ ಬಾಯಿ ತೆಗೆಸಿ ನೋಡಿದರೆ ವಸಡು ಕೆಂಪಾಗಿ ಕೀವು. ಮೈಯಲ್ಲಿ ಎಲ್ಲೇ ಸೋಂಕಿದ್ದರೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡೋದಿಲ್ಲ ಅಂದರು. ಹಲ್ಲು ಕ್ಲೀನ್ ಮಾಡಿಸಿದ ಮೇಲೆ ನಂಬರ್‌ಗಳು ನಿಧಾನಕ್ಕೆ ಇಳಿದವು. ಅವ್ವ ಕದ್ದು ಕೊಡುತ್ತಿದ್ದ ಹಾಲು-ರೊಟ್ಟಿಯೂ ನಿಂತಿತು. ಊಟ ಬದಲಿಸಿದರೆ ಇನ್ಸುಲಿನ್ ಕಡಿಮೆ ಸಾಕಾಗುತ್ತೆ, ಆ ವಾರಗಳಲ್ಲಿ ಮನೆಯಲ್ಲಿ ಮೀಟರ್ ಇಲ್ಲದಿದ್ದರೆ ಅಪಾಯ, ಡಾಕ್ಟ್ರನ್ನು ಕೇಳದೆ ಬದಲಿಸಲೇಬೇಡಿ.

ಸಿರಿಂಜಿನ ವಿಷಯವೂ ಹೇಳಲೇಬೇಕು. ನಮ್ಮದು ಲ್ಯಾಂಟಸ್ ಅನ್ನೋ ಇನ್ಸುಲಿನ್, ಒಂದು ಮಿಲಿಗೆ 100 ಯೂನಿಟ್‌ನದು, ಅದಕ್ಕೆ ಕೇಸರಿ ಮುಚ್ಚಳದ ಸಿರಿಂಜ್. ಒಂದು ಮೆಡಿಕಲ್‌ನಲ್ಲಿ ‘ಯಾರಿಗ್ರೀ ಅಕ್ಕಾರ ಶುಗರ್, ಮನ್ಯಾಗ ಹಿರಿಯರಿಗೇನ್ರೀ?’ ಅಂತ ಪ್ರೀತಿಯಿಂದಲೇ ಕೇಳಿ, ಕೆಂಪು ಮುಚ್ಚಳದ್ದು ಕೊಟ್ಟುಬಿಟ್ಟರು. ಕೆಂಪು 40 ಯೂನಿಟ್‌ನ ಇನ್ಸುಲಿನ್‌ಗೆ. ಅದರಲ್ಲಿ ಎರಡರ ಗೆರೆವರೆಗೆ ಲ್ಯಾಂಟಸ್ ಎಳೆದರೆ ಹೋಗುವುದು ಐದು ಯೂನಿಟ್. ಮನೆಗೆ ಬಂದು ಬಣ್ಣ ನೋಡಿದ್ದಕ್ಕೆ ಬಚಾವಾದೆವು. ಅರ್ಧ ಯೂನಿಟ್‌ನ ಗೆರೆ ಇರುವ 0.3 ಮಿಲಿ ಸಿರಿಂಜ್ ತರಿಸಿಕೊಳ್ಳಿ, ಬೆಕ್ಕಿಗೆ ಅರ್ಧ ಯೂನಿಟ್ ಕೂಡ ದೊಡ್ಡ ವ್ಯತ್ಯಾಸ.

ಖರ್ಚು ಸ್ಟ್ರಿಪ್‌ನದ್ದೇ, ಯಾವ ಕಂಪನಿಯದಾದರೂ ಅಷ್ಟೇ. ನನಗೆ 50ರ ಡಬ್ಬಿ ಸಾವಿರ ರೂಪಾಯಿ ಹತ್ತಿರ ಬೀಳುತ್ತೆ. ಡಬ್ಬಿಯನ್ನು 30 ಡಿಗ್ರಿ ಒಳಗೆ ಇಡಬೇಕು, ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಆಗುತ್ತೆ, ಫ್ರಿಜ್ಜಿನಲ್ಲಿ ಇಡುವಂತಿಲ್ಲ, ಕೂಲರ್ ಪಕ್ಕ ಇಟ್ಟರೆ ತೇವ ಹಿಡಿಯುತ್ತೆ. ನಾನು ಒಳಕೋಣೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ, ಮುಚ್ಚಳ ಬಿಗಿಯಾಗಿ ಹಾಕಿ ಇಡುತ್ತೇನೆ. ಮನೆಯಲ್ಲಿ ಇನ್ನೊಬ್ಬರಿಗೂ ಶುಗರ್ ಇದ್ದರೆ ಎರಡು ಮೀಟರ್ ತೆಗೆದುಕೊಳ್ಳಿ. ಅವ್ವನ ನಂಬರ್ ಯಾವುದು, ಗುಂಡನದ್ದು ಯಾವುದು ಅಂತ ಮೆಮೊರಿಯಲ್ಲಿ ಕಲಸಿಹೋಗಿ ಒಂದು ವಾರ ಒದ್ದಾಡಿದೆವು. ಸೂಜಿಯಂತೂ ಬೇರೆ ಬೇರೆಯೇ ಇರಬೇಕು.

ಇವತ್ತು ಬೆಳಗ್ಗೆ 172. ಹಿಮ್ಮಡಿ ಎತ್ತಿ ನಡೆಯುತ್ತಿದ್ದಾನೆ, ನಿನ್ನೆ ಅಟ್ಟ ಹತ್ತಿ ಕೂತಿದ್ದ.