ನಾಲ್ಕೇ ತಿಂಡಿ, ಒಂದೇ ಚಟ್ನಿ: ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್

ನಾನು ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಲೈನಿಂಗ್ ಬಟ್ಟೆ, ಹುಕ್ಕು, ದಾರ, ಫಾಲ್ ಎಲ್ಲವನ್ನೂ ಚಿಕ್ಕಪೇಟೆಯಿಂದ ತರುತ್ತೇನೆ. ಹದಿನೈದು ದಿನಕ್ಕೊಂದು ಗುರುವಾರ ಅದಕ್ಕೇ ಮೀಸಲು. ನಾನು ಹೋಗುವ ಅಂಗಡಿಗಳು ಬಾಗಿಲು ತೆಗೆಯುವುದು ಹತ್ತೂವರೆಯ ಮೇಲೆ. ಮಗಳು ಕಾಲೇಜಿಗೆ, ಇವರು ಕೆಲಸಕ್ಕೆ ಹೊರಟ ಮೇಲೆ ನಾನೂ ಎಂಟೂವರೆಗೇ ಮನೆ ಬಿಡುತ್ತೇನೆ. ಮಧ್ಯೆ ಒಂದು ಗಂಟೆ ಉಳಿಯುತ್ತದೆ. ಆ ಒಂದು ಗಂಟೆಯಿಂದಲೇ ಬ್ರಾಹ್ಮಿನ್ಸ್ ಕಾಫಿ ಬಾರ್ ನನಗೆ ಸಿಕ್ಕಿದ್ದು.

ಮೊದಲೆಲ್ಲಾ ಬಸ್ ಹತ್ತಿದರೆ ನೇರ ಮಾರ್ಕೆಟ್‌ಗೇ ಹೋಗಿ, ಮುಚ್ಚಿದ ಅಂಗಡಿಯ ಮುಂದೆ ಕಾಯುತ್ತಿದ್ದೆ. ದಾರಿಯಲ್ಲಿ ಇಳಿದರೆ ಇನ್ನೊಂದು ಟಿಕೆಟ್ ದಂಡ ಅಲ್ವಾ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೆಟ್ ಕಾಸಿಲ್ಲ ಎಂದಾಯಿತು. ಒಂದು ಗುರುವಾರ ರಾಮಕೃಷ್ಣ ಆಶ್ರಮದ ಸ್ಟಾಪ್‌ನಲ್ಲಿ ಸುಮ್ನೆ ಇಳಿದುಬಿಟ್ಟೆ. ಅಲ್ಲಿಂದ ಶಂಕರ ಮಠದ ಕಡೆ ನಡೆದರೆ ರಂಗರಾವ್ ರಸ್ತೆ. ರಸ್ತೆ ಬದಿಯಲ್ಲಿ ಜನ ತಟ್ಟೆ ಹಿಡಿದು ನಿಂತಿರುವುದು ದೂರದಿಂದಲೇ ಕಾಣುತ್ತದೆ. ಬೇರೆ ಗುರುತು ಬೇಕಿಲ್ಲ.

1965ರಿಂದ ಇರುವ ಅಂಗಡಿ. ನನಗಿಂತ ದೊಡ್ಡದು. ಚಿಕ್ಕ ಜಾಗ. ದುಡ್ಡು ಕೊಟ್ಟು, ಬೇಕಾದ್ದು ಹೇಳಿ, ಕೌಂಟರಿನಲ್ಲಿ ತಟ್ಟೆ ತೆಗೆದುಕೊಳ್ಳಬೇಕು. ತಿಂಡಿ ನಾಲ್ಕೇ: ಇಡ್ಲಿ, ಉದ್ದಿನ ವಡೆ, ಖಾರಾಬಾತ್, ಕೇಸರಿಬಾತ್. ಕುಡಿಯಲು ಕಾಫಿ, ಟೀ. ದೋಸೆ ಇಲ್ಲ, ಪೂರಿ ಇಲ್ಲ. ಸಾಂಬಾರೂ ಇಲ್ಲ.

ಈ ಸಾಂಬಾರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಇಡ್ಲಿ ಅಂದರೆ ಪಕ್ಕದಲ್ಲಿ ಸಾಂಬಾರ್ ಇರಲೇಬೇಕು. ಸಣ್ಣ ಈರುಳ್ಳಿ ಹಾಕಿ ನಮ್ಮಮ್ಮ ಮಾಡುತ್ತಿದ್ದ ಸಾಂಬಾರಿಗೋಸ್ಕರವೇ ನಾನು ಇಡ್ಲಿ ತಿನ್ನುತ್ತಿದ್ದವಳು. ಮೊದಲ ದಿನ ಇಲ್ಲಿ ಕೇಳಿದಾಗ ಚಟ್ನಿ ಮಾತ್ರ ಎಂದರು. ಮುಖ ಸಪ್ಪಗಾಯಿತು. ಇಡ್ಲಿ ವಡೆ ಹಿಡಿದು ಒಂದು ಪಕ್ಕಕ್ಕೆ ಬಂದು ನಿಂತೆ. ಮೊದಲ ತುತ್ತು ತಿನ್ನುವಾಗಲೂ ತಲೆಯಲ್ಲಿ ಇದ್ದದ್ದು ಆ ಇಲ್ಲದ ಸಾಂಬಾರೇ. ಎರಡನೇ ತುತ್ತಿಗೆ ಚಟ್ನಿ ನಾಲಿಗೆಗೆ ತಾಗಿತು.

ತೆಳ್ಳನೆಯ ಚಟ್ನಿ. ಬಿಳಿಯಲ್ಲಿ ತುಸು ಹಸಿರು. ಅದನ್ನು ಬಟ್ಟಲಲ್ಲಿ ಹಾಕಿ ಪಕ್ಕಕ್ಕಿಡುವುದಿಲ್ಲ. ಸೌಟಿನಲ್ಲಿ ಮೊಗೆದು ಇಡ್ಲಿಯ ಮೇಲೇ ಸುರಿಯುತ್ತಾರೆ. ಕಾಯಿಯ ಸಿಹಿ ಮೊದಲು ಬರುತ್ತದೆ, ಹಸಿಮೆಣಸಿನ ಖಾರ ಗಂಟಲ ಹತ್ತಿರ ಹೋದ ಮೇಲೆ. ಇಡ್ಲಿ ಅದನ್ನು ನಿಧಾನಕ್ಕೆ ಕುಡಿಯುತ್ತದೆ. ಕೆಳಗಿನ ಅರ್ಧ ಒದ್ದೆಯಾಗಿ, ಮೇಲಿನ ಅರ್ಧ ಹಬೆಯಲ್ಲಿ ಬೆಂದ ಹಾಗೇ ಮೆತ್ತಗಿರುತ್ತದೆ. ವಡೆ ಇದಕ್ಕೆ ತದ್ವಿರುದ್ಧ. ಚಟ್ನಿಯಲ್ಲಿ ನೆನೆದರೂ ಅಂಚು ಗರಿಗರಿ ಎನ್ನುತ್ತದೆ, ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಅದೂ ಮೆತ್ತಗಾಗುತ್ತದೆ. ಗರಿ ಬೇಕಿದ್ದವರು ವಡೆಯನ್ನು ಮೊದಲು ತಿನ್ನಬೇಕು. ನಾನು ಅರ್ಧ ಮೊದಲು, ಅರ್ಧ ಕೊನೆಗೆ ತಿನ್ನುತ್ತೇನೆ. ಚಟ್ನಿ ಮುಗಿದರೆ ತಟ್ಟೆ ಚಾಚಿದರೆ ಸಾಕು, ಮತ್ತೆ ಹಾಕುತ್ತಾರೆ. ಎಷ್ಟು ಸಲ ಬೇಕಾದರೂ. ಮನೆಯಲ್ಲಿ ಕಾಯಿ, ಹುರಿಗಡಲೆ, ಕೊತ್ತಂಬರಿ, ಹಸಿಮೆಣಸು ಹಾಕಿ ಮೂರು ಸಲ ಪ್ರಯತ್ನಿಸಿದೆ. ನನ್ನ ಚಟ್ನಿ ಚೆನ್ನಾಗಿಯೇ ಬಂತು, ಆದರೆ ಅದು ಬೇರೆ ಚಟ್ನಿ.

ಖಾರಾಬಾತ್ ಬಿಸಿಯಾಗಿ ಚೆನ್ನಾಗಿರುತ್ತದೆ. ಕೇಸರಿಬಾತ್ ತುಪ್ಪದ ಘಮಘಮ, ಇಬ್ಬರಿದ್ದರೆ ಒಂದು ಹಂಚಿಕೊಳ್ಳಿ. ನಾನು ಇಡ್ಲಿ ವಡೆಯವಳು, ಅದಕ್ಕೇ ಇವುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಹೆಚ್ಚಿನವರು ಇಲ್ಲಿ ನಿಂತೇ ತಿನ್ನುತ್ತಾರೆ. ನಿಂತು ತಿನ್ನುವುದು ನನಗೆ ಹೊಸದಲ್ಲ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷ, ಬೆಳಗಿನ ತಿಂಡಿಯನ್ನು ನಾನು ಅಡುಗೆಕಟ್ಟೆಗೆ ಒರಗಿ ನಿಂತೇ ತಿಂದಿದ್ದೇನೆ. ಮನೆಯಲ್ಲಿ ಆರು ಜನ ಕೂರುವ ಡೈನಿಂಗ್ ಟೇಬಲ್ ಇದೆ. ಆದರೂ ಒಂದು ಕಣ್ಣು ಕುಕ್ಕರಿನ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ. ಬಾಯಲ್ಲಿ ಉಪ್ಪಿಟ್ಟು ಇರುತ್ತಿತ್ತು, ತಲೆಯಲ್ಲಿ ಯಾರ ಬ್ಲೌಸಿನ ತೋಳು ಬಿಚ್ಚಬೇಕು, ಯಾರಿಗೆ ಸಂಜೆಯೊಳಗೆ ಕೊಡಬೇಕು ಎಂಬ ಲೆಕ್ಕ. ಎಷ್ಟು ತಿಂದೆ, ಉಪ್ಪು ಸರಿ ಇತ್ತಾ, ಕೇಳಿದರೆ ಗೊತ್ತಿರುತ್ತಿರಲಿಲ್ಲ.

ಬ್ರಾಹ್ಮಿನ್ಸ್‌ನಲ್ಲಿ ಅದು ಆಗುವುದಿಲ್ಲ. ಯಾಕೆ ಅಂತ ನಾಲ್ಕೈದು ಗುರುವಾರ ಆದ ಮೇಲೆ ಗೊತ್ತಾಯಿತು. ತಟ್ಟೆಯ ತುಂಬ ತೆಳ್ಳನೆಯ ಚಟ್ನಿ ಇರುತ್ತದೆ. ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ತುತ್ತು, ಹೆಗಲಲ್ಲಿ ಬ್ಯಾಗ್. ಫೋನ್ ತೆಗೆಯಲು ಮೂರನೇ ಕೈ ಇಲ್ಲ. ಮನಸ್ಸು ಆಚೀಚೆ ಹೋದರೆ ತಟ್ಟೆ ವಾಲುತ್ತದೆ, ಚಟ್ನಿ ಸೀರೆಗೆ ಬರುತ್ತದೆ. ಪಕ್ಕದಲ್ಲಿ ಯಾರೋ ಹಾದುಹೋದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಹೊಲಿಗೆ ಮಷಿನ್ನಿನ ಮುಂದೆಯೂ ಹೀಗೇ. ಬಟ್ಟೆ ಸೂಜಿಯ ಕೆಳಗೆ ಓಡುವಾಗ ಗಮನ ತಪ್ಪಿದರೆ ಬೆರಳಿಗೇ ಚುಚ್ಚುತ್ತದೆ. ಕತ್ತಿನ ಸುತ್ತು ಹೊಲಿಯುವ ಆ ಎರಡು ನಿಮಿಷ ನನಗೆ ಬೇರೇನೂ ನೆನಪಿರುವುದಿಲ್ಲ, ಬೇರೇನೂ ಬೇಕೂ ಅನ್ನಿಸುವುದಿಲ್ಲ. ಇಷ್ಟು ವರ್ಷ ಆ ಎರಡು ನಿಮಿಷವನ್ನು ಬರೀ ಕೆಲಸ ಎಂದುಕೊಂಡಿದ್ದೆ. ಅದು ನೆಮ್ಮದಿ ಎಂದು ಗೊತ್ತಾದದ್ದು ಇಡ್ಲಿ ತಟ್ಟೆ ಹಿಡಿದು ನಿಂತಾಗ.

ಮೇನ್ ರೋಡಿನಲ್ಲಿ ಸ್ವಂತ ಅಂಗಡಿ ಹಾಕಬೇಕೆಂಬ ಆಸೆ ನನಗೆ ಮೂರು ವರ್ಷದಿಂದ ಇದೆ. ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು, ಇನ್ನೊಂದು ಜೂಕಿ ಮಷಿನ್ ತಗೊಂಡರೆ ಕಂತು ಎಷ್ಟು, ಅಳತೆ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಗಿರಾಕಿಗಳೂ ಕೇಳುತ್ತಾರೆ, ಲೆಹೆಂಗಾ ಹೊಲಿಯಲ್ವಾ, ಮಕ್ಕಳ ಫ್ರಾಕ್ ಮಾಡಲ್ವಾ ಅಂತ. ಆಸೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಈ ಅಂಗಡಿಯ ಮುಂದೆ ನಿಂತಾಗ ಆ ಹಾಳೆ ನೆನಪಾಗುವುದಿಲ್ಲ. ಚಟ್ನಿ ಹಾಕುವವರನ್ನು ನೋಡುತ್ತಾ ನಿಲ್ಲುತ್ತೇನೆ. ಸೌಟು ಮುಳುಗುತ್ತದೆ, ಏಳುತ್ತದೆ, ಸುರಿಯುತ್ತದೆ. ಇಷ್ಟು ಜನ ಬರುವಾಗ ಐದನೇ ತಿಂಡಿ ಮಾಡಿದ್ದರೆ ಅದೂ ಖರ್ಚಾಗುತ್ತಿತ್ತು. ಅವರು ನಾಲ್ಕಕ್ಕೇ ನಿಂತಿದ್ದಾರೆ. ಈಚೆಗೆ ಲೆಹೆಂಗಾ ಕೇಳಿ ಬಂದವರನ್ನು ನಾನು ಪಕ್ಕದ ಬೀದಿಯ ಟೈಲರ್ ಹತ್ತಿರ ಕಳಿಸುತ್ತೇನೆ.

ಹೋದ ವರ್ಷ ನನ್ನ ಹುಟ್ಟಿದ ಹಬ್ಬಕ್ಕೆ ಮಗಳು ಬೇರೊಂದು ಹೊಸ ಜಾಗಕ್ಕೆ ಕರೆದುಕೊಂಡು ಹೋಗಿದ್ದಳು. ಪ್ರೀತಿಯಿಂದಲೇ. ಹೆಸರು ಬೇಡ. ಟೋಕನ್ ಹಿಡಿದು ಮುಕ್ಕಾಲು ಗಂಟೆ ಕಾದೆವು. ಬೋರ್ಡಿನಲ್ಲಿ ದೋಸೆಯೇ ಇಪ್ಪತ್ತು ಥರ. ಒಂದನ್ನು ಆರಿಸಿದ ಮೇಲೂ ನನ್ನ ಕಣ್ಣು ಪಕ್ಕದ ಟೇಬಲ್ಲಿನ ದೋಸೆ ಮೇಲೇ ಇತ್ತು. ಅದನ್ನೇ ಹೇಳಬೇಕಿತ್ತೇನೋ ಎನ್ನಿಸಿತು. ಫೋಟೋ ತೆಗೆಯುವಷ್ಟರಲ್ಲಿ ನಮ್ಮದು ಆರಿತ್ತು. ತಿನ್ನುತ್ತಲೇ ಮಗಳು ಮುಂದಿನ ಭಾನುವಾರ ಎಲ್ಲಿಗೆ ಹೋಗೋಣ ಎಂದು ಫೋನಿನಲ್ಲಿ ಹುಡುಕುತ್ತಿದ್ದಳು. ಮನೆಗೆ ಬಂದಾಗ ಹೊಟ್ಟೆ ತುಂಬಿತ್ತು, ಆದರೂ ತಿಂದ ಹಾಗೇ ಅನ್ನಿಸಲಿಲ್ಲ.

ರಜೆಯಲ್ಲಿ ಅವಳನ್ನೂ ಶಂಕರಪುರಕ್ಕೆ ಕರೆತಂದೆ. ಬೋರ್ಡ್ ನೋಡಿ "ಅಷ್ಟೇನಾ ಅಮ್ಮ?" ಎಂದಳು. ಆಮೇಲೆ ಮಾತಿಲ್ಲ. ಎರಡು ಸಲ ಚಟ್ನಿ ಹಾಕಿಸಿಕೊಂಡಳು. ಕೂರಲು ಕುರ್ಚಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ಬಸ್ ಸ್ಟಾಪ್‌ವರೆಗೂ ಹೇಳುತ್ತಿದ್ದಳು. ಅವಳಿಗೆ ದೋಸೆಯೇ ಪ್ರಾಣ. ನಿಮಗೂ ದೋಸೆಯೇ ಆಗಬೇಕಿದ್ದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹತ್ತಿರದಲ್ಲೇ ಇದೆ. 1943ರಿಂದ ನಡೆಯುತ್ತಿದೆ, ಶುಕ್ರವಾರ ರಜೆ.

ಹೋಗುವವರಿಗೆ ಒಂದೆರಡು ಮಾತು. ಕಾರು ತರಬೇಡಿ, ಅದು ಚಿಕ್ಕ ರಸ್ತೆ. ಬಸ್ಸಾದರೆ ರಾಮಕೃಷ್ಣ ಆಶ್ರಮ, ಮೆಟ್ರೊ ಆದರೆ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ನಡೆಯಿರಿ. ಮಂಡಿ ನೋವಿರುವ ಹಿರಿಯರನ್ನು ಕರೆತರುವುದಾದರೆ ಜನ ಕಡಿಮೆ ಇರುವ ಹೊತ್ತು ನೋಡಿಕೊಳ್ಳಿ. ಕಾಫಿಯನ್ನು ತಿಂಡಿಯ ಜೊತೆಗೇ ತರಬೇಡಿ, ಕೈ ಸಾಲುವುದಿಲ್ಲ. ತಟ್ಟೆ ಇಟ್ಟು, ಕೈ ತೊಳೆದು, ಆಮೇಲೆ ಹೋಗಿ ತನ್ನಿ. ಆ ಕಾಫಿಗೆ ಎರಡೂ ಕೈ ಕೊಡಬೇಕು.

ಮನೆಯಲ್ಲಿ ನಾನು ಈಗಲೂ ಅಡುಗೆಕಟ್ಟೆಗೆ ಒರಗಿ ನಿಂತೇ ತಿಂಡಿ ತಿನ್ನುತ್ತೇನೆ. ಅದಕ್ಕೆ ಮುಂಚೆ ಗ್ಯಾಸ್ ಆರಿಸುತ್ತೇನೆ.