ಚಿನ್ನ ಅಸಲಿ, ಗ್ರೇಡ್ ಸುಳ್ಳು: 1918ರ ಪವನ್ ಕೊಂಡು ಕೆಟ್ಟ ಕತೆ

ಕಳೆದ ವರ್ಷ ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ 1918ರ ಸಾವರಿನ್ ಕೊಂಡೆ, ಬ್ರಿಟಿಷರ ಚಿನ್ನದ ನಾಣ್ಯ. ನಮ್ಮ ಕರಾವಳಿಯಲ್ಲಿ ಪವನ್ ಅಂತೀವಲ್ಲ, ಅದೇ. ಒಂದು ಕಡೆ ಐದನೇ ಜಾರ್ಜ್ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲುವ ಸಂತ ಜಾರ್ಜ್. ಇಸವಿಯ ಮೇಲೆ, ನೆಲದ ಗೆರೆಯಲ್ಲಿ, ಸಣ್ಣದೊಂದು 'ಐ' ಅಕ್ಷರ. ಅಂದರೆ ಇಂಡಿಯಾ. ಮೊದಲ ಮಹಾಯುದ್ಧದ ಹೊತ್ತಿಗೆ ಮುಂಬೈಯಲ್ಲೂ ಸಾವರಿನ್ ಅಚ್ಚು ಹಾಕಿದರು. ಎಲ್ಲದರ ಮೇಲೂ 1918 ಅಂತಲೇ ಇದೆ, ಸುಮಾರು 13 ಲಕ್ಷ ನಾಣ್ಯ. ಇಲ್ಲೇ ಹುಟ್ಟಿದ ಪವನ್ ಅನ್ನುವ ಮೋಹ ನನಗೆ.

ಅಂಗಡಿಯವರು "ಸಾರ್, ಇದು ಅನ್‌ಸರ್ಕ್ಯುಲೇಟೆಡ್ ಪೀಸ್. ಚಲಾವಣೆಗೇ ಬಂದಿಲ್ಲ, ಹೊಳಪು ನೋಡಿ" ಅಂದರು. ನಾಣ್ಯದ ಸ್ಥಿತಿಗೆ ಕೊಡುವ ದರ್ಜೆಗೆ ಗ್ರೇಡ್ ಅಂತಾರೆ, ಅದರಲ್ಲಿ ಇದು ಮೇಲಿನದು. ನೋಡಿದೆ. ಮದುವೆ ಮನೆಯ ಬೆಳ್ಳಿ ತಟ್ಟೆ ಹಾಗೆ ಫಳಫಳ ಅಂತಿತ್ತು. ತೂಕ ಹಾಕಿಸಿದೆ, 7.97 ಗ್ರಾಂ. ಹೊಸ ಸಾವರಿನ್ 7.988 ಗ್ರಾಂ ಇರಬೇಕು, ಸರಿಯೇ ಇತ್ತು. 22 ಕ್ಯಾರೆಟ್ ಅಂತ ಮೆಷಿನ್ ಕೂಡ ಹೇಳಿತು. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು. ಆವತ್ತಿನ ಚಿನ್ನದ ಬೆಲೆಯ ಮೇಲೆ 22 ಸಾವಿರ ಜಾಸ್ತಿ ಕೊಟ್ಟು ತಂದೆ.

ಎರಡು ತಿಂಗಳಾದ ಮೇಲೆ ಮೈಸೂರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿಗೆ ತೋರಿಸಿದೆ. ನಾಲ್ಕು ದಶಕದಿಂದ ನಾಣ್ಯ ಕೂಡಿಸಿದವರು. ಅವರು ತೂಕದ ಮಾತೇ ಎತ್ತಲಿಲ್ಲ. ಟೇಬಲ್ ಲ್ಯಾಂಪ್ ಹಾಕಿ, ಅಂಚನ್ನು ಎರಡು ಬೆರಳಲ್ಲಿ ಹಿಡಿದು, ನಿಧಾನಕ್ಕೆ ಅತ್ತಿತ್ತ ವಾಲಿಸಿದರು. ಆಮೇಲೆ ಕೇಳಿದರು: "ಇದು ಯಾರ ಕೊರಳಲ್ಲಿತ್ತಪ್ಪಾ?"

ನನಗೆ ಅರ್ಥವಾಗಲಿಲ್ಲ. ಭೂತಗನ್ನಡಿ ಕೈಗೆ ಕೊಟ್ಟು, ರಾಜನ ತಲೆಯ ನೇರಕ್ಕೆ ಮೇಲಿನ ಅಂಚು ನೋಡು ಅಂದರು. ಸಾವರಿನ್ ಅಂಚಿನ ಸುತ್ತ ಸಣ್ಣ ಗೆರೆಗಳಿರುತ್ತವೆ. ಅಲ್ಲೊಂದು ಕಡೆ ಮೂರ್ನಾಲ್ಕು ಗೆರೆ ಮಾಯ. ಅರ ಹಾಕಿ ತೀಡಿದ್ದು. ಪಕ್ಕದಲ್ಲಿ ಬಣ್ಣ ಸ್ವಲ್ಪ ಬೇರೆ, ಬೆಸುಗೆಯ ಕಲೆ. ಸರದಿಂದ ಬಿಡಿಸಿ, ಕೊಂಡಿ ಕಿತ್ತು, ಅರ ಹಾಕಿ, ಗುರುತು ಮುಚ್ಚಲು ಇಡೀ ನಾಣ್ಯಕ್ಕೆ ಪಾಲಿಶ್ ಹೊಡೆದಿದ್ದರು. ಉಳಿದ ಬೆಸುಗೆಯೇ ತೂಕ ತುಂಬಿಸಿತ್ತೋ ಏನೋ!

ಅವಮಾನ ಆಗಿದ್ದು ಊರಿಗೆ ಹೋದಾಗ. ನಮ್ಮ ಅಜ್ಜಿಯ ಪವನ್ ಸರ ಇನ್ನೂ ಮನೆಯಲ್ಲಿದೆ. ಪಕ್ಕಪಕ್ಕ ಇಟ್ಟು ನೋಡಿದೆ. ಅಜ್ಜಿಯ ಪವನಿಗೆ ಕೊಂಡಿ ಇರುವ ಜಾಗ, ನನ್ನದರಲ್ಲಿ ಗೆರೆ ಇಲ್ಲದ ಜಾಗ, ಎರಡೂ ಒಂದೇ. ಚಿಕ್ಕಂದಿನಿಂದ ಆ ಸರ ಹಿಡಿದು ಆಡಿದವನಿಗೆ ಇಷ್ಟು ಹೊಳೆಯಲಿಲ್ಲ ನೋಡಿ.

ಹೊಳಪಿನ ವಿಷಯವನ್ನು ಮೇಷ್ಟ್ರು ಹೇಳಿಕೊಟ್ಟಿದ್ದು ಹೀಗೆ. ಅಚ್ಚು ಬಿದ್ದಾಗ ಬಂದ ಹೊಳಪು ನಾಣ್ಯ ವಾಲಿಸಿದರೆ ತಿರುಗುತ್ತದೆ, ಸೈಕಲ್ ಚಕ್ರದ ಕಡ್ಡಿ ತಿರುಗಿದ ಹಾಗೆ. ಪಾಲಿಶ್ ಹೊಳಪು ತಿರುಗುವುದಿಲ್ಲ, ಕನ್ನಡಿ ಹಾಗೆ ಒಂದೇ ಸಲ ಮಿಂಚಿ ಸುಮ್ನಾಗುತ್ತದೆ. ದೀಪದ ಕೆಳಗೆ ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗ ನೋಡಿದರೆ ಒಂದೇ ದಿಕ್ಕಿಗೆ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಇನ್ನು ಸವೆತ. ರಾಜನ ಕೆನ್ನೆ, ಮೀಸೆ, ಕಿವಿ ಮೇಲಿನ ಕೂದಲು, ಹಿಂಬದಿಯಲ್ಲಿ ಸಂತ ಜಾರ್ಜನ ಶಿರಸ್ತ್ರಾಣ, ಕುದುರೆಯ ಎದೆ. ಎತ್ತರದ ಜಾಗಗಳಿವು, ಮೊದಲು ಸವೆಯುವುದೂ ಇವೇ. ನನ್ನ ನಾಣ್ಯದಲ್ಲಿ ಮೀಸೆಯ ಎಳೆಗಳು ಕೂಡಿಕೊಂಡು ಒಂದು ಮುದ್ದೆಯಾಗಿದ್ದವು. ಮೀಸೆ ಸವೆದಿದೆ, ಸುತ್ತಲಿನ ಜಾಗ ಮಾತ್ರ ಫಳಫಳ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಹೇಳಿ?

ಮನೆಯಲ್ಲಿ ಹಳೆಯ ಪವನ್ ಬಿಡಿಯಾಗಿ ಇದ್ದರೆ ದಯವಿಟ್ಟು ಅಂಟುವಾಳದ ನೀರು, ಬ್ರಷ್, ಟೂತ್‌ಪೇಸ್ಟ್ ತಗೊಂಡು ಉಜ್ಜಬೇಡಿ, ಅಚ್ಚಿನ ಹೊಳಪು ಹೋಗಿ ಗೀರು ಉಳಿಯುತ್ತದೆ. ಕೊಂಡಿ ಹಾಕಿದ್ದು ಹೇಗೂ ಒಡವೆಯೇ, ಹಬ್ಬಕ್ಕೆ ತೊಳೆಯಿರಿ, ಹಾಕ್ಕೊಳ್ಳಿ.

"ಅಮೆರಿಕಕ್ಕೆ ಕಳಿಸಿ ಗ್ರೇಡ್ ಮಾಡಿಸಿ" ಅಂತ ಗೆಳೆಯರೊಬ್ಬರು ಸಲಹೆ ಕೊಟ್ಟರು. ಅಲ್ಲಿ 70ರ ಅಳತೆಯಲ್ಲಿ ಅಂಕ ಕೊಟ್ಟು ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಾರೆ, ನಿಜ. ಆದರೆ ಇಂಥ ನಾಣ್ಯಕ್ಕೆ ಅಂಕ ಬರುವುದಿಲ್ಲ, 'ಡೀಟೇಲ್ಸ್' ಅಂತ ಬರೆದು ಪಾಲಿಶ್ ಆದದ್ದು, ಒಡವೆಯಿಂದ ತೆಗೆದದ್ದು ಅಂತ ಕಾರಣ ಹಾಕುತ್ತಾರೆ. ಅದಕ್ಕಿಂತ ದೊಡ್ಡ ವಿಷಯ, ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಕೊರಿಯರ್‌ನಲ್ಲಿ ಹಾಕಿ ಸಿಕ್ಕಿಹಾಕಿಕೊಳ್ಳಬೇಡಿ.

ಕೊನೆಗೆ ಅಂಗಡಿಯವರಿಗೆ ಫೋನ್ ಮಾಡಿದೆ. ಬೈಯಲಿಲ್ಲ, ಜಗಳ ಆಡಲಿಲ್ಲ. "ಚಿನ್ನದ ರೇಟಿಗೆ ವಾಪಸ್ ತಗೊಳ್ತೀನಿ ಸಾರ್, ಅದರ ಮೇಲೆ ಆಗಲ್ಲ. ನಾನು ಅನ್‌ಸರ್ಕ್ಯುಲೇಟೆಡ್ ಅಂತ ಎಲ್ಲಿ ಬರೆದುಕೊಟ್ಟಿದ್ದೀನಿ?" ಅಂದರು. ಪರ್ಸಿನಿಂದ ಬಿಲ್ ತೆಗೆದು ನೋಡಿದೆ. "ಹಳೆಯ ಚಿನ್ನದ ನಾಣ್ಯ, 1, 7.97 ಗ್ರಾಂ." ಅಷ್ಟೇ ಇತ್ತು.