ದೊಡ್ಡಜ್ಜನ ಲ್ಯಾಟಿನ್ ಕಾಗದ ಓದಿಸಿದ್ದು: ದುಡ್ಡು ಕೊಟ್ಟಲ್ಲಿ ಆಗದ್ದು ಒಬ್ಬರ ಜಗಲಿಯಲ್ಲಿ ಆಯಿತು

ನಮ್ಮ ಅಜ್ಜನ ಅಣ್ಣ ಪಾದ್ರಿ ಆಗಿದ್ದರು. ಮಂಗಳೂರಿನ ಹಳೇ ಮನೆ ಖಾಲಿ ಮಾಡುವಾಗ ಅವರ ಟ್ರಂಕಿನ ತಳದಲ್ಲಿ ನಾಲ್ಕು ಮಡಿಕೆಯ ಒಂದು ದಪ್ಪ ಕಾಗದ ಸಿಕ್ಕಿತು. ಸಿಲೋನಿನ (ಈಗಿನ ಶ್ರೀಲಂಕಾ) ಕ್ಯಾಂಡಿಯಲ್ಲಿದ್ದ ಪಾಪಲ್ ಸೆಮಿನರಿಯದ್ದು, ಅಂದರೆ ಪಾದ್ರಿಗಳಾಗುವವರು ಓದುವ ಶಾಲೆಯದ್ದು, 1924ರದ್ದು. ಅಚ್ಚಾದ ಲ್ಯಾಟಿನ್ ಸಾಲುಗಳು, ನಡುವೆ ಹೆಸರು ಮತ್ತು ತಾರೀಖು ಮಾತ್ರ ಕೈಬರಹ, ಕೆಳಗೆ ಮುದ್ರೆ ಮತ್ತು ಸಹಿ. ಅದನ್ನು ಓದಿಸಲು ನಾನು ಎರಡು ಕಡೆ ಹೋದೆ. ಮನೆಯಲ್ಲಿ ಇಂಥ ಕಾಗದ ಇರುವವರು ಇನ್ನೂ ಇದ್ದಾರೆ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಆನ್‌ಲೈನ್ ಅನುವಾದದ ಒಂದು ಕಂಪನಿಗೆ. ಹೆಸರು ಬೇಡ. ಒಂದು ಪುಟಕ್ಕೆ 2,400 ರೂಪಾಯಿ, ಎರಡೇ ದಿನದಲ್ಲಿ ಇಂಗ್ಲಿಷ್ ಅನುವಾದ ಬಂತು. ನೋಡೋಕೆ ಚೆನ್ನಾಗಿತ್ತು. ಆದರೆ ಓದಿದ ಮೇಲೆ ಅಮ್ಮನಿಗೆ ನಿದ್ದೆ ಬರಲಿಲ್ಲ. ದೊಡ್ಡಜ್ಜ ಮುತ್ತಜ್ಜನ "ಹಿಂದೊಮ್ಮೆ ಮಗನಾಗಿದ್ದವರು" ಅಂತ ಅದರಲ್ಲಿತ್ತು. ಏನರ್ಥ ಇದಕ್ಕೆ? ಮನೆಬಿಟ್ಟು ಹೋದರಾ, ಅಪ್ಪ ಮಗನನ್ನು ಹೊರಗೆ ಹಾಕಿದರಾ, ದತ್ತು ಏನಾದರೂ ಇತ್ತಾ, ಅಂತ ಚಿಕ್ಕಮ್ಮಂದಿರೆಲ್ಲ ಸೇರಿ ಒಂದು ವಾರ ಫೋನಿನಲ್ಲಿ ಮಾತಾಡಿದ್ದೇ ಮಾತಾಡಿದ್ದು. ಕಂಪನಿಗೆ ಮೇಲ್ ಹಾಕಿದರೆ, ಪದಕ್ಕೆ ಪದ ಸರಿ ಇದೆ ಅಂತ ಉತ್ತರ ಬಂತು.

ಆಮೇಲೆ ನಮ್ಮ ಇಗರ್ಜಿಯಲ್ಲಿ ಒಬ್ಬರು, ಹಿಂದೆ ಲ್ಯಾಟಿನ್ ಕಲಿಸುತ್ತಿದ್ದ ನಿವೃತ್ತ ಪಾದ್ರಿಯೊಬ್ಬರ ಬಗ್ಗೆ ಹೇಳಿದರು. ವಯಸ್ಸು 87. ಅವರ ಹೆಸರನ್ನೂ ಹಾಕುವುದಿಲ್ಲ, ಜನ ಜಾಸ್ತಿ ಆದರೆ ಅವರಿಗೆ ಕಷ್ಟ. ಆದರೆ ಆ ಸಹಾಯಕ್ಕೆ ಐದಕ್ಕೆ ಐದು ಅಂಕ, ಕಣ್ಣು ಮುಚ್ಚಿ ಕೊಡುತ್ತೇನೆ.

ಅವರು ಮೊದಲು ಮಾಡಿದ್ದು ಕಾಗದವನ್ನು ಗಟ್ಟಿಯಾಗಿ ಓದಿದ್ದು, ಪೂಜೆಯಲ್ಲಿ ಓದುವ ಹಾಗೆ. ಆ ಹಿಂದೊಮ್ಮೆಯ ಸಾಲು ಬಂದಾಗ ಬೆರಳಿಟ್ಟು ನಿಲ್ಲಿಸಿದರು. ಅಲ್ಲಿದ್ದ ಪದ ಕ್ವೊಂದಾಮ್. ನಿಘಂಟಿನಲ್ಲಿ ನೋಡಿದರೆ ಹಿಂದೆ, ಒಂದು ಕಾಲದಲ್ಲಿ ಅಂತಲೇ ಅರ್ಥ. ಆದರೆ ಇಂಥ ಕಾಗದದಲ್ಲಿ ಅಪ್ಪನ ಹೆಸರಿನ ಮುಂದೆ ಬಂದರೆ ಅದಕ್ಕೆ ದಿವಂಗತ ಅಂತ ಅರ್ಥ, ಅಷ್ಟೇ. ಅಂದರೆ ಈ ಕಾಗದ ಬರೆಯುವ ಹೊತ್ತಿಗೆ ಮುತ್ತಜ್ಜ ತೀರಿಕೊಂಡಿದ್ದರು. ಮುತ್ತಜ್ಜ ಹೋದದ್ದು ಯಾವಾಗ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾವು ಹೆದರಿಕೊಂಡಿದ್ದ ಆ ಒಂದೇ ಪದದಲ್ಲಿ ನಾವು ಹುಡುಕುತ್ತಿದ್ದ ಉತ್ತರ ಇತ್ತು.

ತಾರೀಖೂ ತಪ್ಪಿತ್ತು. ಕಂಪನಿಯವರು ಮೇ 6 ಅಂತ ಹಾಕಿದ್ದರು. ಕಾಗದದಲ್ಲಿ ಇರುವುದು ಸೆಕ್ಸ್ತೊ ಕಾಲೆಂದಾಸ್ ಮಾಯಾಸ್. ಇದು ಹಳೇ ರೋಮನ್ ಲೆಕ್ಕ. ತಿಂಗಳ ಮೊದಲ ದಿನದಿಂದ ಹಿಂದಕ್ಕೆ ಎಣಿಸಬೇಕು, ಆ ಮೊದಲ ದಿನವನ್ನೂ ಸೇರಿಸಿ. ಮೇ 1 ಒಂದು, ಏಪ್ರಿಲ್ 30 ಎರಡು, ಹೀಗೆ ಎಣಿಸಿದರೆ ಆರನೆಯದು ಏಪ್ರಿಲ್ 26. ಅವರು ಬೆರಳು ಮಡಚಿ ಎಣಿಸಿ ತೋರಿಸಿದರು, ನನ್ನ ಕೈಯಲ್ಲೂ ಎಣಿಸಿಸಿದರು.

ಹೆಸರಿನ ವಿಷಯ ಇನ್ನೂ ಮುಖ್ಯ. ಲ್ಯಾಟಿನ್‌ನಲ್ಲಿ ಹೆಸರಿಗೂ ವಿಭಕ್ತಿ ಹತ್ತುತ್ತದೆ, ನಮ್ಮ ಕನ್ನಡದ ಹಾಗೇ. ಪೆತ್ರುಸ್ ಅಂದರೆ ಪ್ರಥಮಾ, ಪೆತ್ರುಮ್ ಅಂದರೆ ದ್ವಿತೀಯಾ, ಪೆತ್ರಿ ಅಂದರೆ ಷಷ್ಠಿ. "ಇಂಥವರನ್ನು ಪರೀಕ್ಷೆ ಮಾಡಿದೆವು" ಅನ್ನುವ ವಾಕ್ಯದಲ್ಲಿ ಹೆಸರು ದ್ವಿತೀಯಾದಲ್ಲಿ ಇರುತ್ತದೆ. ಕಂಪನಿಯವರು ಅದನ್ನೇ ಹೆಸರು ಅಂತ ಇಟ್ಟುಬಿಟ್ಟಿದ್ದರು, ನಾನೂ ಹಾಗೇ ವಂಶವೃಕ್ಷದಲ್ಲಿ ಬರೆದಿದ್ದೆ. ರಾಮನನ್ನು ಅನ್ನುವುದೇ ಹೆಸರು ಅಂತ ಬರೆದ ಹಾಗೆ ಆಯಿತು, ಅಲ್ವಾ? ಇನ್ನೊಂದು, ಲ್ಯಾಟಿನ್‌ನಲ್ಲಿ ಪೆತ್ರುಸ್ ಇದ್ದವರು ಮನೆಯಲ್ಲಿ ಪೆದ್ರು, ಯೊಹಾನ್ನೆಸ್ ಇದ್ದವರು ಜುವಾಂವ್. ಕೊಂಕಣಿ ಮನೆಮಾತಿನ ಹೆಸರು ಗೊತ್ತಿಲ್ಲದ ಅನುವಾದಕರಿಗೆ ಇದು ಹೊಳೆಯುವುದಿಲ್ಲ.

ಮಂಗಳೂರಿನ ಹುಡುಗ ಓದಲು ಸಿಲೋನಿಗೆ ಯಾಕೆ ಹೋದ ಅಂತ ಕೇಳಿದೆ. 13ನೇ ಲಿಯೋ ಪೋಪ್ 1893ರಲ್ಲಿ ಆ ಸೆಮಿನರಿ ಸ್ಥಾಪಿಸಿದ್ದೇ ಇಂಡಿಯಾ ಮತ್ತು ಸಿಲೋನಿನ ಹುಡುಗರು ಇಲ್ಲೇ ಓದಿ ಪಾದ್ರಿಗಳಾಗಲಿ ಅಂತ. 1955ರಲ್ಲಿ ಅದು ಪುಣೆಗೆ ಬಂತು. ಅದರ ಧ್ಯೇಯವಾಕ್ಯ ಫಿಲಿಯಿ ತುಯಿ ಇಂಡಿಯಾ ಅಂತ ಶುರುವಾಗುತ್ತದೆ. ಅಲ್ಲಿ ಇಂಡಿಯಾ ಅನ್ನುವುದು ಸಂಬೋಧನೆ, ಇಂಡಿಯಾವನ್ನೇ ಕರೆದು "ಇಂಡಿಯಾವೇ, ನಿನ್ನ ಮಕ್ಕಳು" ಅಂತ ಶುರು ಮಾಡುವುದು. ಅದನ್ನು ಹೇಳುವಾಗ ಅವರ ದನಿ ಸ್ವಲ್ಪ ನಡುಗಿತು. ನನಗೂ ಗಂಟಲು ಕಟ್ಟಿತು.

ತೊಂದರೆಗಳನ್ನೂ ಹೇಳಬೇಕು. ಅವರು ಫೋನಿನಲ್ಲಿ ಫೋಟೊ ನೋಡುವುದಿಲ್ಲ, ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಬೇಕು. ಬೆಳಿಗ್ಗೆ ಮಾತ್ರ ಸಿಗುತ್ತಾರೆ. ಒಂದು ಪುಟಕ್ಕೆ ನಾನು ಮೂರು ಸಲ ಹೋದೆ. ಸಹಿ ಹಾಕಿದ ಅನುವಾದ ಕೊಡುವುದಿಲ್ಲ, ಹಾಗಾಗಿ ಯಾವುದಾದರೂ ಕಚೇರಿಗೆ ಕೊಡಬೇಕಾದರೆ ಇದು ನಡೆಯುವುದಿಲ್ಲ, ಸರ್ಟಿಫೈಡ್ ಅನುವಾದಕರೇ ಬೇಕು. ದುಡ್ಡು ಎಷ್ಟು ಒತ್ತಾಯ ಮಾಡಿದರೂ ಮುಟ್ಟಲಿಲ್ಲ.

ಇಂಥವರು ಹತ್ತಿರ ಇಲ್ಲದಿದ್ದರೆ ಫ್ಯಾಮಿಲಿಸರ್ಚ್ ವೆಬ್‌ಸೈಟಿನಲ್ಲಿರುವ ಲ್ಯಾಟಿನ್ ಪದಪಟ್ಟಿ ನೋಡಿ. ಅದು ಉಚಿತ. ವಂಶದ ದಾಖಲೆಗಳಲ್ಲಿ ಬರುವ ಪದಗಳನ್ನೇ ಆರಿಸಿ ಮಾಡಿದ್ದು. ಹಳೇ ದಾಖಲೆಯಲ್ಲಿ 7 ಹಾಕಿ ಬ್ರಿಸ್ ಅಂತ ಬರೆದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್, ಯಾಕೆಂದರೆ ಲ್ಯಾಟಿನ್‌ನಲ್ಲಿ ಏಳಕ್ಕೆ ಸೆಪ್ತೆಮ್ ಅನ್ನುತ್ತಾರೆ. ಇಂಥದ್ದೆಲ್ಲ ಅಲ್ಲಿ ತಿಳಿಯುತ್ತದೆ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ಕೂಡ ಉಚಿತವಾಗಿ ಲ್ಯಾಟಿನ್ ಪಾಠ ಹಾಕಿದೆ. ಅದು 1086ರಿಂದ 1733ರವರೆಗಿನ ಇಂಗ್ಲೆಂಡಿನ ದಾಖಲೆಗಳಿಗಾಗಿ ಮಾಡಿದ್ದು, ಆದರೂ ವಿಭಕ್ತಿ ಕಲಿಯೋಕೆ ಒಳ್ಳೆಯದು. ಯಾರಿಗೆ ತೋರಿಸಿದರೂ ಪೂರ್ತಿ ಕಾಗದ ತೋರಿಸಿ, ಹಿಂಬದಿ, ಮುದ್ರೆ, ಅಂಚು ಎಲ್ಲ ಸೇರಿಸಿ. ನಾನು ಕಂಪನಿಗೆ ನಡುವಿನ ಸಾಲುಗಳನ್ನು ಮಾತ್ರ ಕತ್ತರಿಸಿ ಕಳಿಸಿದ್ದೆ, ಅದು ನನ್ನ ತಪ್ಪು. ದಯವಿಟ್ಟು ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ.

ಮತ್ತೆ, ಹೋಗುವುದಿದ್ದರೆ ಬೇಗ ಹೋಗಿ. ತರಗತಿಯಲ್ಲಿ ಲ್ಯಾಟಿನ್‌ನಲ್ಲೇ ಪಾಠ ಕೇಳಿ ಬೆಳೆದವರು ಈಗ ತುಂಬಾ ಕಡಿಮೆ, ಇರುವವರೆಲ್ಲ ಎಂಬತ್ತು ದಾಟಿದವರು.

ವಂಶವೃಕ್ಷದಲ್ಲಿ ಮುತ್ತಜ್ಜನ ಹೆಸರಿನ ಕೆಳಗೆ ಈಗ "ಮರಣ: 1924 ಏಪ್ರಿಲ್ 26ಕ್ಕೆ ಮೊದಲು" ಅಂತ ಬರೆದಿದ್ದೇವೆ. ಇಗರ್ಜಿಯ ಮರಣ ಪುಸ್ತಕವನ್ನು ಅಲ್ಲಿಂದ ಹಿಂದಕ್ಕೆ ನೋಡಲು ಮುಂದಿನ ಶನಿವಾರ ಬನ್ನಿ ಅಂದಿದ್ದಾರೆ. ಅಮ್ಮನೂ ಬರುತ್ತೇನೆ ಅಂದಿದ್ದಾಳೆ.